ಸೂಜಿ ಹಿಡಿಯುವ ಯಂತ್ರ

ಬೆಳಿಗ್ಗೆ ಎಂಟೂವರೆಗೆ ಕಾಲುಚೀಲ ಹುಡುಕುತ್ತ ಲಿಫ್ಟ್ ಮೆಕ್ಯಾನಿಕ್ ಹೆಂಡತಿಯ ಹೊಲಿಗೆ ಕೋಣೆಗೆ ಕಾಲಿಟ್ಟ. ಹಿಮ್ಮಡಿಗೆ ಗುಂಡುಸೂಜಿ ನೆಟ್ಟಿತು. ಆ ವಾರದಲ್ಲಿ ಅದು ನಾಲ್ಕನೆಯದು. ಒಂಟಿಕಾಲಿನಲ್ಲಿ ಕುಣಿಯುತ್ತಲೇ ಅವನು ಮಹಾಪ್ರತಿಜ್ಞೆ ಮಾಡಿದ: ಈ ನೆಲದ ಮೇಲೆ ಇನ್ನು ಒಂದೇ ಒಂದು ಸೂಜಿ ಉಳಿಯಕೂಡದು.

"ಪೊರಕೆ ಬಾಗಿಲ ಹಿಂದಿದೆ ರೀ," ಎಂದಳು ಹೆಂಡತಿ, ಹೊಲಿಗೆಯಿಂದ ತಲೆಯೆತ್ತದೆ.

ಹನ್ನೆರಡು ಮಹಡಿಯ ಲಿಫ್ಟುಗಳನ್ನು ಹದ್ದುಬಸ್ತಿನಲ್ಲಿಟ್ಟವನಿಗೆ ಪೊರಕೆಯೇ! ಅಲ್ಲದೆ, ಹೋದ ಸಲ ಊಟಕ್ಕೆ ಬಂದಿದ್ದ ಭಾವ (ಹೆಂಡತಿಯ ಅಣ್ಣ, ಕಸುಬಿನಿಂದ ಎಲೆಕ್ಟ್ರಿಷಿಯನ್, ಸ್ವಭಾವದಿಂದ ಅವನೂ ಗುಂಡುಸೂಜಿಯೇ) ಎಲ್ಲರೆದುರು, "ನಿಮ್ಮ ಕೆಲಸ ಏನು ಮಹಾ, ಗುಂಡಿ ಒತ್ತೋದು ತಾನೆ?" ಎಂದಿದ್ದ. ಭಾನುವಾರ ಅವನು ಮತ್ತೆ ಬರುವವನಿದ್ದ. ಅಷ್ಟರೊಳಗೆ ಉತ್ತರ ಸಿದ್ಧವಾಗಬೇಕಿತ್ತು.

ಮೂರನೆಯ ದಿನಕ್ಕೆ ಸಿದ್ಧವಾಯಿತು. ಕೋಲಿನ ತುದಿಯಲ್ಲಿ ಕಬ್ಬಿಣದ ತುಂಡು, ಅದಕ್ಕೆ ತಾಮ್ರದ ತಂತಿಯ ಆರುನೂರು ಸುತ್ತು, ಹಿಡಿಯ ಬಳಿ ಪುಟ್ಟ ಪೆಟ್ಟಿಗೆ. ಹೆಂಡತಿಯನ್ನೂ ಅವಳ ತಾಯಿಯಾದ ಅತ್ತೆಯನ್ನೂ ಕುರ್ಚಿಯಲ್ಲಿ ಕೂರಿಸಿ ಅವನು ಪ್ರವಚನ ಆರಂಭಿಸಿದ.

"ಇದು ಮೈಕ್ರೋಕಂಟ್ರೋಲರ್. ಬುದ್ಧಿಯೆಲ್ಲ ಇದರದ್ದೇ. ಆದ್ರೆ ಕಾಯಿಲ್‌ಗೆ, ಅಂದ್ರೆ ಈ ತಂತಿ ಸುರುಳಿಗೆ, ಬೇಕಾದಷ್ಟು ಕರೆಂಟ್ ಕೊಡೋ ತಾಕತ್ತು ಇದಕ್ಕಿಲ್ಲ. ಅದಕ್ಕೇ ನಡುವೆ ಈ ಟ್ರಾನ್ಸಿಸ್ಟರ್. ಮೈಕ್ರೋಕಂಟ್ರೋಲರ್ ಅಪ್ಪಣೆ ಕೊಡುತ್ತೆ, ಟ್ರಾನ್ಸಿಸ್ಟರ್ ಭಾರ ಹೊರುತ್ತೆ."

"ಗೊತ್ತಾಯ್ತು ಬಿಡಿ. ನೀವು, ನಾನು," ಎಂದಳು ಹೆಂಡತಿ.

"ಇದು ಡಯೋಡ್. ಆಫ್ ಮಾಡಿದ ತಕ್ಷಣ ಕಾಯಿಲ್ ಸಿಟ್ಟಲ್ಲಿ ಒದೆಯುತ್ತೆ. ಆ ಒದೆ ಟ್ರಾನ್ಸಿಸ್ಟರ್‌ಗೆ ಬೀಳದ ಹಾಗೆ ಇದು ತಾನೇ ನುಂಗಿಕೊಳ್ಳುತ್ತೆ."

"ಪಾಪ," ಎಂದರು ಅತ್ತೆ, ಡಯೋಡನ್ನು ಕನಿಕರದಿಂದ ನೋಡುತ್ತ. "ಈ ಮನೇಲಿ ನನ್ನ ಹಾಗೆ."

ಅವನು ಗುಂಡಿ ಒತ್ತಿದ. ನೆಲದ ಮೂಲೆಮೂಲೆಯಿಂದ ನಲವತ್ತು ಸೂಜಿಗಳು ಜಿಗಿದು ಬಂದವು; ಜೊತೆಗೆ ಕರೆಯದ ಕತ್ತರಿಯೂ ಬಂತು. ಹೆಂಡತಿ ಬೆರಗಾದಳು.

"ಈಗ ನೋಡಿ. ಬಿಡು ಅಂದ್ರೆ ಬಿಡುತ್ತೆ!"

ಆಫ್ ಮಾಡಿದ. ಮೂರು ಸೂಜಿ ಬಿದ್ದವು. ಉಳಿದವು ಒಂದಕ್ಕೊಂದು ಅಂಟಿಕೊಂಡು ಗಡ್ಡದಂತೆ ನೇತಾಡಿದವು. ಕೋಲನ್ನು ಒದರಿ ಬೀಳಿಸಿದರೆ ಕತ್ತರಿಯೇ ಅವನ್ನೆಲ್ಲ ಎತ್ತಿಕೊಂಡಿತು.

"ರೀ! ಒಂದು ಸೂಜಿ ಎತ್ತಿದ್ರೆ ಒಂಬತ್ತು ಬರ್ತಿವೆ! ನಾಳೆ ಕೋಟು ಕೊಡ್ಬೇಕು ನಾನು!"

"ತಪ್ಪು ನನ್ನ ಯಂತ್ರದ್ದಲ್ಲ ಕಣೇ. ಅದು ಬಿಟ್ಟಿದೆ. ನಿನ್ನ ಉಕ್ಕಿನ ಸೂಜಿಗಳೇ ಅಯಸ್ಕಾಂತ ಆಗಿಬಿಟ್ಟಿವೆ."

"ಆಗಿದ್ದಲ್ಲ, ನೀವು ಮಾಡಿದ್ದು!"

ಅತ್ತೆ ಕನ್ನಡಕ ಒರೆಸಿಕೊಂಡರು. "ಅಳಿಯಂದಿರೇ, ನಿಮ್ಮ ಮಾವನ ಗಡಿಯಾರದಂಗಡೀಲಿ ಮೂವತ್ತು ವರ್ಷ ಕೂತಿದ್ದೋಳು ನಾನು. ಅಯಸ್ಕಾಂತ ಹತ್ತಿದ ಗಡಿಯಾರ ಬಂದ್ರೆ, ಕರೆಂಟು ಹಿಂದೆ ಮುಂದೆ ಓಡಾಡೋ ಸುರುಳಿಯೊಳಗೆ ಇಟ್ಟು ಮೆಲ್ಲಗೆ ದೂರ ಎಳೀತಿದ್ವಿ. ದೂರ ಹೋದಷ್ಟೂ ಜೋರು ಇಳಿದು, ಅಂಟೆಲ್ಲ ಹೋಗೋದು. ನಿಮ್ಮ ಕರೆಂಟು ಒಂದೇ ದಿಕ್ಕಿಗೆ ಹೋಗುತ್ತಲ್ಲ?"

ಅವನು ಎದ್ದು ತನ್ನ ಡಬ್ಬಿ ತೆರೆದ. ಸಂಜೆಯೊಳಗೆ ಟ್ರಾನ್ಸಿಸ್ಟರ್, ಡಯೋಡ್‌ಗಳ ಜಾಗಕ್ಕೆ ಎರಡೂ ದಿಕ್ಕಿಗೆ ಕರೆಂಟು ಹರಿಸುವ ಡ್ರೈವರ್ ಕೂರಿಸಿದ. ಬಿಡುವ ಮುನ್ನ ನಲವತ್ತು ಸಲ ದಿಕ್ಕು ಬದಲಿಸಬೇಕು, ಪ್ರತಿ ಸಲವೂ ಜೋರು ಇಳಿಸಬೇಕು ಎಂದು ಪ್ರೋಗ್ರಾಮ್ ತಿದ್ದಿದ. ಗುಂಡಿ ಒತ್ತಿದ. ಕಾಯಿಲ್ ಗುಂಯ್‌ಗುಟ್ಟಿತು. ಸೂಜಿಗಳು ಟಪಟಪ ತಟ್ಟೆಗೆ ಉದುರಿದವು. ಒಂದೂ ಇನ್ನೊಂದನ್ನು ಮೂಸಲಿಲ್ಲ. ಕತ್ತರಿಯೂ ಸಭ್ಯವಾಯಿತು.

ಅವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಇಡೀ ಬೀದಿಯಲ್ಲಿ ಇಂಥ ಯಂತ್ರ ಇನ್ನೊಂದು ಮನೆಯಲ್ಲಿರಲಿಲ್ಲ. ಹೆಂಡತಿಯೂ ಕಣ್ಣರಳಿಸಿ, ಆಗಲೇ ಫೋನ್ ಕಿವಿಗಿಟ್ಟಿದ್ದಳು.

"ಅಣ್ಣಾ, ಭಾನುವಾರ ತಪ್ಪಿಸ್ಬೇಡ! ಅಮ್ಮ ಒಂದು ಯಂತ್ರ ಮಾಡಿದಾಳೆ!"

ಮೆಕ್ಯಾನಿಕ್ ಬಾಯಿ ತೆರೆದ. ಡಯೋಡ್ ನೆನಪಾಗಿ ಮುಚ್ಚಿಕೊಂಡ.

ಭಾನುವಾರ ಹನ್ನೊಂದಕ್ಕೆ ಪ್ರದರ್ಶನ. ವಿವರಣೆ ಅತ್ತೆಯದು. ಗುಂಡಿ ಒತ್ತುವ ಕೆಲಸ ಅಳಿಯನದು.