ಗುರುತು ಬೀಳದ ಸೂಜಿ

ಅಂಬಮ್ಮ: ಕುಡೀರಿ ಬೀಗರ. ನೀರೈತಿ, ವಿಷ ಅಲ್ಲ.

ಹಂಪಣ್ಣ: ಹಂಗಲ್ರೀ ಅಕ್ಕಾರ... ನನಗ ನೀರಡಿಕಿ ಇಲ್ರಿ.

ಅಂಬಮ್ಮ: ತುಟಿ ಒಣಗಿ ಬಿರುಕು ಬಿಟ್ಟಾವ, ನೀರಡಿಕಿ ಇಲ್ಲಂತ!

ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಹಂಪಣ್ಣ ಮಗಳನ್ನು ಗೊರೇಬಾಳಕ್ಕೆ ಕೊಟ್ಟ ಮೇಲೆ ಬೀಗರ ಮನೆಗೆ ಬಂದದ್ದು ಇದೇ ಮೊದಲು. ತೊಂಬತ್ತೊಂಬತ್ತರ ಏಪ್ರಿಲ್ ಬಿಸಿಲು. ಮನೆಯಿಂದ ಕುದಿಸಿದ ನೀರಿನ ಬಾಟ್ಲಿಯನ್ನೇನೋ ತಂದಿದ್ದ. ಆದರೆ ಮಸ್ಕಿಯಲ್ಲಿ ಬಸ್ಸಿನ ಗಾಲಿ ಪಂಕ್ಚರಾಗಿ, ನಿಂತೂ ನಿಂತೂ ಬಾಟ್ಲಿ ಅಲ್ಲೇ ಬರಿದಾಯಿತು. ಈಗ ನಾಲಗೆ ಅಂಗುಳಕ್ಕೆ ಅಂಟಿದೆ, ಎದುರಿಗೆ ಬೀಗಿತ್ತಿ ಅಂಬಮ್ಮ ಕಾಲುವೆ ನೀರಿನ ತಂಬಿಗೆ ಹಿಡಿದು ನಿಂತಿದ್ದಾಳೆ. ಬಂದ ಮನೆಯ ನೀರು ಮುಟ್ಟದಿದ್ದರೆ ಆ ಮನೆಯ ಸಂಬಂಧವೇ ಬೇಡವೆಂದು ಹೇಳಿದ ಹಾಗೆ. ಅದರ ಏಟು ಬೀಳುವುದು ತನಗಲ್ಲ, ಒಳಗೆ ಒಲೆಯ ಮುಂದೆ ಕೂತ ಮಗಳು ಕಲ್ಯಾಣಮ್ಮನಿಗೆ. ಹಂಪಣ್ಣನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಕೈ ಮುಂದೆ ಬರುತ್ತಿಲ್ಲ.

ಅಂಬಮ್ಮ: ನಮ್ಮನಿ ನೀರು ನಿಮಗ ನಡಿಯಂಗಿಲ್ಲೇನು? ಮಗಳ್ನ ಕೊಡಾಕ ನಡೀತು, ನೀರು ಕುಡ್ಯಾಕ ನಡಿಯಂಗಿಲ್ಲ?

ಹಂಪಣ್ಣ: ಅಯ್ಯ ಶಿವನ! ಅಂಥಾ ಮಾತು ಅನಬ್ಯಾಡ್ರಿ. ಅದು... ಕಾಮಣಿ ಬ್ಯಾನಿ...

ಅಂಬಮ್ಮ: ಕಾಮಣಿ! ಮೊದ್ಲ ಹೇಳಬಾರದೇನ್ರಿ? ಕಣ್ಣು ಹಳದಿ ಕಂಡಿದ್ವು, ಬಿಸಿಲಿಗಂತ ಸುಮ್ನಿದ್ದೆ. ಏ ಕಲ್ಯಾಣೀ, ನಿಮ್ಮಪ್ಪಗ ಕಾಮಣಿ ಆಗೇತಂತ! ಹೋಳಿಗಿ ಬ್ಯಾಡ, ತುಪ್ಪ ಬ್ಯಾಡ. ಉಪ್ಪಿಲ್ಲದ ಮಜ್ಜಿಗಿ ಅನ್ನ ಕಲಸು!

ಅಡುಗೆಮನೆಯಿಂದ ಆಗತಾನೆ ಹೋಳಿಗೆಯ ಘಮ ಏಳುತ್ತಿತ್ತು. ಹಂಪಣ್ಣ ಗಾಬರಿಯಿಂದ ಎದ್ದೇ ನಿಂತ.

ಹಂಪಣ್ಣ: ನನಗ ಆಗಿಲ್ರೀ! ಆಗಬಾರದಂತ ಸೂಜಿ ಮಾಡಿಸ್ಕೊಂಡೀನಿ! ಹಿಂದೊಮ್ಮಿ ನಮ್ಮ ಬಜಾರದಾಗ ಮನಿಗೊಬ್ರು ಹಾಸಿಗಿ ಹಿಡದ್ರು. ನೀರಾಗಿಂದ ಬರತೈತದು. ಆವಾಗ ಒಂದು ಸೂಜಿ, ಆರು ತಿಂಗಳ ಬಿಟ್ಟು ಇನ್ನೊಂದು.

ಮಂಚದ ಮೇಲೆ ಎಲೆ ಮಡಿಚುತ್ತಿದ್ದ ಅಂಬಮ್ಮನ ಗಂಡ ಅಮರಗುಂಡಪ್ಪ ಈಗ ತಲೆ ಎತ್ತಿದ.

ಅಮರಗುಂಡಪ್ಪ: ಎರಡೆರಡು ಸೂಜಿ ಮಾಡಿಸ್ಕೊಂಡು ಮತ್ಯಾಕ ಅಂಜಾಕತ್ತೀರಿ?

ಹಂಪಣ್ಣ: ಅದರ ಕಸುವು ಈಗ ಐತೋ ಇಲ್ಲೋ ಯಾರಿಗ್ಗೊತ್ರಿ? ನಿಮ್ಮ ಎತ್ತಿಗೆ ಗಂಟಲ ಬ್ಯಾನಿ ಸೂಜಿ ಎಷ್ಟು ದಿನಕ್ಕ ಹಾಕಸ್ತೀರಿ?

ಅಮರಗುಂಡಪ್ಪ: ವರ್ಷಾ ಮಳಿಗಾಲದ ಮುಂದ.

ಹಂಪಣ್ಣ: ಯಾಕ?

ಅಮರಗುಂಡಪ್ಪ: ಹ್ವಾದ ವರ್ಷದ್ದು ಮುಗದಿರತೈತಿ.

ಹಂಪಣ್ಣ: ಮತ್ತ! ಎತ್ತಿಂದು ಮುಗದ್ರ ನಂದು ಮುಗಿಯಂಗಿಲ್ಲೇನು?

ಅಂಬಮ್ಮ: ನೀವು ಎತ್ತೇನ್ರೀ ಬೀಗರ?

ಅಮರಗುಂಡಪ್ಪ: ಬಿಡು, ನಮ್ಮ ಎತ್ತು ನೀರಿಗೆ ಇಷ್ಟು ಸತಾಯಿಸಂಗಿಲ್ಲ.

ಅಂಬಮ್ಮ: ಸೂಜಿ ಮಾಡಿದ ಡಾಕ್ಟರ್ ಏನಂದ?

ಹಂಪಣ್ಣ: ಆತ ಏನೇನೋ ಅಂದ. ಈ ಸೂಜಿ ಮೈಗೆ ಬ್ಯಾನಿ ಮುಖಾ-ಮಾರಿ ತೋರಿಸಿಕೊಡತೈತಂತ. ಮುಂದ ರಕ್ತದಾಗ ಕಾವಲು ಕಡಿಮಿ ಆದ್ರೂ ಮೈ ಆ ಮಾರಿ ಮರಿಯಂಗಿಲ್ಲಂತ. ಬ್ಯಾನಿ ಒಳಗ ಕಾಲಿಟ್ಟ ಕೂಡ್ಲೇ ಗುರ್ತು ಹಿಡದು, ಕಾವಲಿನವರನ್ನ ಎಬ್ಬಿಸಿ ಬಡದು ಕಳಸತೈತಂತ. ಭಾಳ ವರ್ಷ ನಡಿತೈತಂತ.

ಅಂಬಮ್ಮ: ಅಷ್ಟು ಬಿಡಿಸಿ ಹೇಳ್ಯಾನ. ನಂಬಾಕ ನಿಮಗೇನು ಧಾಡಿ?

ಹಂಪಣ್ಣ: ಛಾಪಾ ಎಲ್ಲೈತ್ರಿ?

ಹಂಪಣ್ಣ ಅಂಗಿಯ ತೋಳು ಮಡಿಚಿ ರಟ್ಟೆ ತೋರಿಸಿದ. ದಿನಾ ಸ್ನಾನವಾದ ಮೇಲೆ ಕನ್ನಡಿಯ ಮುಂದೆ ನಿಂತು ಆ ಜಾಗ ಹುಡುಕುವುದು ಅವನ ನಿತ್ಯಕರ್ಮ. ಮಿಲ್ಲಿನ ಛಾಪಾ ಇಲ್ಲದ ಬಟ್ಟೆಯನ್ನು ಅಂಗಡಿಯ ಮೆಟ್ಟಿಲು ಹತ್ತಿಸದ ಮನುಷ್ಯ, ಗುರುತಿಲ್ಲದ ಸೂಜಿಯನ್ನು ಹೇಗೆ ನಂಬಿಯಾನು?

ಅಂಬಮ್ಮ ತನ್ನ ರಟ್ಟೆ ಮುಂದೆ ಮಾಡಿ ಅದರ ಮೇಲಿನ ಹಳೆಯ ಕಲೆ ತೋರಿಸಿದಳು.

ಅಂಬಮ್ಮ: ನಾ ಕೂಸಿದ್ದಾಗ, ನಿಜಾಮನ ಕಾಲದಾಗ, ಸಿಡುಬು ಬರಬಾರದಂತ ಹಾಕಿದ್ದು.

ಹಂಪಣ್ಣ: ನೋಡ್ರಿ! ನಿಮ್ಮದು ರೂಪಾಯಿ ಅಗಲ ಐತಿ, ಅದ್ಕ ಸಿಡುಬು ಬರಲಿಲ್ಲ. ನನ್ನದು ಸೊಳ್ಳಿ ಕಡದಷ್ಟೂ ಇಲ್ಲ!

ಅಂಬಮ್ಮ: ಈ ಕಲಿ ಎದ್ದು ಹೋಗಿ ಸಿಡುಬನ್ನ ಓಡಿಸತೈತೇನ್ರಿ? ಅದಿರಲಿ, ನಿಮಗ ಈಜಾಕ ಬರತೈತಿ?

ಹಂಪಣ್ಣ: ಬರದ ಏನ್ರಿ? ಸಣ್ಣಾವಿದ್ದಾಗ ಬಾವ್ಯಾಗ ಕಲ್ತೀನಿ.

ಅಂಬಮ್ಮ: ಅದರ ಛಾಪಾ ಎಲ್ಲಿ ಬಿದ್ದೈತಿ, ತೋರಸ್ರಿ.

ಹಂಪಣ್ಣ: ಅದಕ್ಕೆಂಥಾ ಛಾಪಾ?

ಅಂಬಮ್ಮ: ಹಂಗಾರ ಮರತೀರಿ. ನೀರಿಗೆ ಬಿದ್ರ ಮುಳುಗ್ತೀರಿ.

ಹಂಪಣ್ಣ: ಯಾಕ ಮುಳುಗಲಿ? ನಾ ಮರತ್ರೂ ಕೈಕಾಲು ಮರತಿರಂಗಿಲ್ಲ!

ಅಮರಗುಂಡಪ್ಪ: ಕೆಡವಿ ನೋಡೋಣೇನು?

ಹಂಪಣ್ಣ: ಬ್ಯಾಡ್ರಿ!

ಅಂಬಮ್ಮ: ಈಜು ಮರೀದ ಮೈ ಬ್ಯಾನಿ ಮಾರಿ ಹೆಂಗ ಮರೀತೈತ್ರಿ?

ಒಳಗೆ ಲಟ್ಟಣಿಗೆಯ ಸದ್ದು ನಿಂತುಹೋಗಿತ್ತು. ಮಗಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆ ಎಂದು ಹಂಪಣ್ಣನಿಗೆ ತಿಳಿಯಿತು. ನನ್ನ ಅಂಜಿಕೆಗೆ ನಾಳೆ ಅವಳು ಮಾತು ಕೇಳಬೇಕೇ? ಆಗಿದ್ದಾಗಲಿ ಎಂದು ತಂಬಿಗೆ ಎತ್ತಿದವನು ತಳ ಕಾಣುವವರೆಗೆ ಇಳಿಸಲಿಲ್ಲ.

ಹಂಪಣ್ಣ: ಆಹಾ! ಕಾಲುವಿ ನೀರು ಇಷ್ಟು ರುಚಿ ಇರತೈತೇನ್ರಿ?

ಅಂಬಮ್ಮ: ಕಾಲುವಿದಽ ಖರೆ, ಆದ್ರ ಕುದಿಸಿ ಆರಿಸಿದ್ದು. ನಿಮ್ಮ ಮಗಳು ಈ ಮನಿಗೆ ಬಂದಾಗಿಂದ ಹಸೀ ನೀರು ಯಾರೂ ಮುಟ್ಟಂಗಿಲ್ಲ. ಸೂಜಿ ಆ ಒಂದು ಬ್ಯಾನಿಗೆ, ಕುದಿಸೋದು ಉಳಿದವುಕ್ಕೂ ಅಂತಾಳ. ಮೊದಮೊದ್ಲು ಜಗಳಾಡಿದೆ. ಈಗ ಆಕಿ ಮಾತೇ ನಡಿತೈತಿ.

ಹಂಪಣ್ಣ: ಅಯ್ಯೋ! ಇದನ್ನ ಮೊದ್ಲ ಹೇಳಿದ್ರ ನಾ ಇಷ್ಟೊತ್ತು ಒಣಗತಿದ್ನೇನ್ರಿ?

ಅಂಬಮ್ಮ: ಹೇಳಿದ್ರ ಕುದಿಸಿದ ನೀರಂತ ಕುಡೀತಿದ್ರಿ. ನಮ್ಮನಿ ನೀರಂತ ಕುಡೀತಿರಲಿಲ್ಲ.

ಹಂಪಣ್ಣ ಬರಿದಾದ ತಂಬಿಗೆಯನ್ನು ಎರಡೂ ಕೈಯಿಂದ ಬೀಗಿತ್ತಿಗೆ ಕೊಟ್ಟ. ಮಗಳು ಒಳ್ಳೆಯ ಮನೆಯನ್ನೇ ಸೇರಿದ್ದಾಳೆ ಎಂದು ಎದೆ ತುಂಬಿ ಬಂತು. ಆದರೆ ವ್ಯಾಪಾರಿಯ ತಲೆ, ಸುಮ್ಮನೆ ಕೂಡಬೇಕಲ್ಲ.

ಹಂಪಣ್ಣ: ಅಲ್ರೀ ಅಕ್ಕಾರ, ಹಂಗಾರ ನನ್ನ ಸೂಜಿ ಇನ್ನೂ ನಡಿತೈತೋ ಇಲ್ಲೋ, ಇವತ್ತೂ ಗೊತ್ತಾಗಲಿಲ್ಲಲ್ಲ?

ಅಂಬಮ್ಮ: ಅದ್ಕೇನ್ರಿ, ಕಾಲುವಿ ಮನಿ ಹಿಂದಽ ಐತಿ. ಒಂದು ತಂಬಿಗಿ ತುಂಬಿಸಿ ತರ್ಲೇನು?