ಗಿಡದ ಜೊತೆ ದಿನಕ್ಕೆ ಹತ್ತು ನಿಮಿಷ

'ಮನೆಯೊಳಗೊಂದು ಕಾಡು' ಎಂಬ ವಾರದ ಅಂಕಣವನ್ನು ಬರೆದು ನಾಡಿನ ನಡುಮನೆಗಳನ್ನು ಹಸಿರಾಗಿಸುತ್ತಿರುವ ಲೇಖಕಿಯವರ ಸನ್ನಿಧಿಗೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಗಿಡಗಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಗಿಡವೂ ಕ್ಷೇಮವಾಗಿದೆ. ಆದರೆ ಅದು ಈಗ ನಮ್ಮ ಮನೆಯಲ್ಲಿಲ್ಲ, ನಮ್ಮ ಮನೆಯವರೂ ಇಲ್ಲ.

ಕಳೆದ ದೀಪಾವಳಿಗೆ, ಅಂದರೆ ಎರಡು ಸಾವಿರನೇ ಇಸವಿಯಲ್ಲಿ, ನನ್ನ ಹೆಂಡತಿ ಅನ್ನಪೂರ್ಣಮ್ಮ ತಮ್ಮ ಬರಹ ಓದಿ, ಕ್ಯಾಲಥಿಯಾ ಎಂಬ ಪಟ್ಟೆ ಎಲೆಯ ಗಿಡವನ್ನು ಬೆಂಗಳೂರಿನಿಂದ ಮಡಿಲಲ್ಲಿಟ್ಟುಕೊಂಡು ತಂದಳು. ಹರಡಿದ ಸಂಡಿಗೆ ಕೈ ತೊಳೆದು ಬರುವಷ್ಟರಲ್ಲಿ ಒಣಗುವ ನಮ್ಮೂರಿನಲ್ಲಿ, ಮಳೆಕಾಡಿನ ಆ ಗಿಡದ ಎಲೆಯಂಚು ತಿಂಗಳೊಳಗೆ ಕರಕಲಾಯಿತು. ಗಾಳಿಯಲ್ಲಿ ತೇವವಿರಲಿ ಎಂದಿರಿ. ಕೂಲರು ಗಿಡದ ಕಡೆ ತಿರುಗಿತು, ನನ್ನ ಕುರ್ಚಿ ಪಡಸಾಲೆಗೆ ಹೋಯಿತು. ಗಡಸು ನೀರು ಬೇಡವೆಂದಿರಿ. ಗಿಡಕ್ಕೆ ಕಾಯಿಸಿ ಆರಿಸಿ ಸೋಸಿದ ನೀರು ಬಂತು, ನನಗೆ ಎಂದಿನ ಬೋರ್‌ವೆಲ್ಲಿನದೇ ಉಳಿಯಿತು. ಎಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರೆಂದಿರಿ; ಆ ಬಟ್ಟೆ ನನ್ನ ಪಂಚೆಯಾಗಿತ್ತು.

ಆಮೇಲೆ ತಾವು, ಗಿಡದ ಜೊತೆ ದಿನಕ್ಕೆ ಹತ್ತು ನಿಮಿಷ ಮಾತಾಡಿ ಎಂದು ಬರೆದಿರಿ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನವಳಿಗೆ ಹೆಚ್ಚು ಮಾತು ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಅಂದು ನಾನು ಬಾಗಿಲ ಬಳಿ ಪೇಪರು ಹಿಡಿದು ಕೂತಿರುವಾಗ, ಅವಳು ಗಿಡದೆದುರು ಸ್ಟೂಲು ಹಾಕಿಕೊಂಡಳು. "ನೋಡವ್ವ, ಮೊಳಕಾಲ್ಮೂರೇನು ಕಾಶೀನಾ? ಅಕ್ಕನ ಮಕ ನೋಡಿ ನಾಕು ವರ್ಷ ಆತು. ಕೇಳಿದ್ರೆ ಸೀಸನ್ ಮುಗೀಲಿ ಅಂತಾರೆ. ಇವರ ಶೇಂಗಾ ಸೀಸನ್ನು ಯಾವತ್ತು ಮುಗೀತೈತೆ?" ಮರುದಿನ, "ಮೆಟ್ಲು ಹತ್ತಾಕೆ ಮಂಡಿ ಬಿಡವಲ್ದು. ಯಾರಿಗೆ ಹೇಳನಾ?"

"ನಂಗೇ ಹೇಳಬಾರ್ದಾ?" ಎಂದೆ.

ಅವಳು ತಿರುಗಲೂ ಇಲ್ಲ. "ಕೇಳಿಸ್ಕಂಡೇನವ್ವ? ಇವರಿಗೂ ಕಿವಿ ಐತೆ!" ಎಂದು ಗಿಡಕ್ಕೆ ಹೇಳಿದಳು.

ಮಾನ್ಯರೇ, ಅಂದು ಮಧ್ಯಾಹ್ನ ಮುದ್ದೆ ಉಂಡವನೇ ಹೋಗಿ ಬಸ್ಸಿನ ಹೊತ್ತು ಕೇಳಿಕೊಂಡು ಬಂದೆ.

ಮರುದಿನವೇ ಮಿಲ್ಲಿಗೆ ಬೀಗ ಹಾಕಿ ಅವಳನ್ನು ಮೊಳಕಾಲ್ಮೂರಿನ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಗಿಡವನ್ನು ಒಂಟಿಯಾಗಿ ಬಿಡಬಾರದೆಂದು ಅದೂ ಬಂತು. ಅವಳಕ್ಕ ಹೊನ್ನಕ್ಕನ ಮನೆಯಲ್ಲಿ, ನೆಲದ ಗುಂಡಿಗೆ ಕಾಲಿಳಿಬಿಟ್ಟು ರೇಷ್ಮೆ ನೇಯುವ ಎರಡು ಮಗ್ಗಗಳಿವೆ. ಅರೆಬೆಳಕಿನ ಆ ತಂಪು ಕೋಣೆಯಲ್ಲೇ ಗಿಡವನ್ನಿಟ್ಟರು. ನೇಕಾರ ದೊಡ್ಡಪಾಲಯ್ಯ ಲಾಳಿ ನಿಲ್ಲಿಸಿ ಎಲೆಯ ಪಟ್ಟೆ ನೋಡಿ, "ಎಂಥಾ ಸೀರೆ ಅಂಚಮ್ಮ ಇದು! ಯಾವ ಮಗ್ಗದ್ದು?" ಎಂದ. ಅಕ್ಕತಂಗಿಯರು ಹೊಟ್ಟೆ ಹಿಡಿದು ನಕ್ಕರು. ನನ್ನ ಹೆಂಡತಿ ಅಷ್ಟು ಗಟ್ಟಿಯಾಗಿ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯ ದಿನ ಬೀಡಿಯಂತೆ ಸುತ್ತಿಕೊಂಡ ಹೊಸ ಎಲೆಯೊಂದು ತಲೆಯೆತ್ತಿತು. "ನಡಿ, ಬಸ್ಸಿಗೆ ಹೊತ್ತಾತು" ಎಂದೆ. "ಎಳೇ ಎಲೆ ಬಿಚ್ಚೋಗಂಟ ಗಿಡ ಕದಲಿಸಬಾರ್ದಂತ ಪೇಪರ್‌ನಾಗೆ ಬರ್ದವ್ರಲ್ರೀ" ಎಂದಳು. ಹುಡುಕಿ ನೋಡಿದೆ, ತಾವು ಬರೆದಿದ್ದೀರಿ. ನಾನೊಬ್ಬನೇ ಬಸ್ಸು ಹತ್ತಿದೆ.

ಈಗ ಇಪ್ಪತ್ತಮೂರು ದಿನ. ಮೂರು ಎಲೆ ಬಿಚ್ಚಿವೆ, ನಾಲ್ಕನೆಯದರ ಲಕ್ಷಣ ಕಾಣುತ್ತಿದೆಯಂತೆ. ಆದ್ದರಿಂದ ಈ ಗಿಡಕ್ಕೆ ಮಾರ್ಚಿನ ನಂತರ ಚಳ್ಳಕೆರೆಯ ಒಣಗಾಳಿ, ಶೇಂಗಾ ಹಿಂಡಿಯ ವಾಸನೆ ಮತ್ತು ಗಂಡಸಿನ ಗೊರಕೆ ಅತ್ಯಗತ್ಯವೆಂದು ತಾವು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕು. ಅದಾಗದಿದ್ದರೆ ಒಂದು ಮಳೆಕಾಡನ್ನು ನಮ್ಮ ತಾಲ್ಲೂಕಿಗೆ ವರ್ಗ ಮಾಡಿಸಿಕೊಡಬೇಕು. ಮಿಲ್ಲಿನ ಹಿಂದೆ ಜಾಗವಿದೆ.

ಇಷ್ಟು ಬರೆದಿಟ್ಟು, ಮೊನ್ನೆ ಭಾನುವಾರ ನಾನೇ ಅಲ್ಲಿಗೆ ಹೋಗಿ ಗಿಡದ ಮುಂದೆ ಕೂತೆ. ಅವಳು ಬೆನ್ನು ಹಾಕಿ ನೂಲು ಸುತ್ತುತ್ತಿದ್ದಳು. ದಾವಣಗೆರೆಯ ಮಂಡಿ ಡಾಕ್ಟರ ಹತ್ತಿರ ಅವಳ ಹೆಸರು ಬರೆಸಿದ್ದೇನೆಂದೂ, ಇನ್ನು ತಿಂಗಳಿಗೊಮ್ಮೆ ಅಕ್ಕನ ಮನೆಗೆ ನಾನೇ ಕರೆತರುವೆನೆಂದೂ, ಮನೆಯಲ್ಲಿ ನನಗೆ ಹೊತ್ತು ಹೋಗುತ್ತಿಲ್ಲವೆಂದೂ ಗಿಡಕ್ಕೆ ತಿಳಿಸಿದೆ. ಕೈಯ ನೂಲು ಕೆಳಗಿಟ್ಟು ಅವಳು ತಿರುಗಿ ನೇರವಾಗಿ ನನ್ನನ್ನೇ ನೋಡಿ, "ಬುಧವಾರ ಬರ್ತೀನ್ರಿ" ಎಂದಳು.

ಗಿಡ ಅಲ್ಲೇ ಇರುವುದೆಂದು ತೀರ್ಮಾನವಾಗಿದೆ.

ತಮ್ಮ ವಿಶ್ವಾಸಿ, ಕುರ್ಚಿಯನ್ನು ಮತ್ತೆ ಒಳಗೆ ತಂದುಕೊಂಡಿರುವ
ಜಂಬುಲಿಂಗಪ್ಪ

ತಾ.ಕ.: ಮುಂದಿನ ವಾರದ ತಮ್ಮ ವಿಷಯ 'ಒಂಟಿ ಗಿಡ ಸೊರಗುತ್ತದೆ, ಜೋಡಿ ತನ್ನಿ' ಎಂದು ಓದಿದೆ. ಆ ಸಂಚಿಕೆ ಚಳ್ಳಕೆರೆಗೆ ಬರುವ ಮುನ್ನ ದಾರಿಯಲ್ಲಿ ಎಲ್ಲಾದರೂ ನೆನೆದು ಮುದ್ದೆಯಾಗುವಂತೆ ನೋಡಿಕೊಳ್ಳಿ. ತೇವದ ವಿಷಯದಲ್ಲಿ ತಮ್ಮನ್ನು ಮೀರಿಸುವವರಿಲ್ಲವಲ್ಲ.