ಬೇಸು, ಟ್ರೆಬಲ್ಲು ಮತ್ತು ಅತ್ತೆಯ ಬೀಗರ ಹಾಡು

ಕಾರು ಬಂದ ಮನೆಯವರು ಊರೂರು ಸುತ್ತುತ್ತಾರಂತೆ. ನಮ್ಮ ಮನೆಗೆ ಕಾರು ಬಂದ ದಿನದಿಂದ ನಾವು ಸುತ್ತಿದ್ದು ಅದರ ಸ್ಟೀರಿಯೋ ಸುತ್ತ. ದಿನಕ್ಕೊಂದು ಫಜೀತಿ, ವಾರಕ್ಕೊಂದು ಪಂಚಾಯ್ತಿ. ನಮ್ಮ ಯಜಮಾನರು ಕಲಬುರಗಿಯ ತೊಗರಿಬೇಳೆ ಮಿಲ್ಲಿನಲ್ಲಿ ಗುಮಾಸ್ತರು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೋದವರು ಎಂಜಿನ್ ನೋಡಲಿಲ್ಲ, ಟೈರು ಒದ್ದು ನೋಡಲಿಲ್ಲ. ಡಿಕ್ಕಿಯಲ್ಲಿ ಹಂಡೆಯಷ್ಟು ದೊಡ್ಡ ವೂಫರ್ ಸ್ಪೀಕರ್ ಕಂಡಿತು, ಕೈಕುಲುಕಿ ಬಂದುಬಿಟ್ಟರು.

ಕಾರಿಗೆ ಅವಸರ ಮಾಡಿದ್ದು ನನ್ನ ಮೈದುನನ ನಿಶ್ಚಯಕ್ಕೆ. ಹುಡುಗಿ ಕಮಲಾಪುರದವಳು. ಹುಡುಗಿಯ ಅಜ್ಜಿ ಬೀಗರ ಹಾಡಿನಲ್ಲಿ ಹೆಸರಾದವಳು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಆಡಿಕೊಳ್ಳುತ್ತಾರೆ, ನಾವು ಹಾಡಿನಲ್ಲೇ ತಿರುಗಿ ಕೊಡಬೇಕು. ಕೊಡದಿದ್ದರೆ ಹುಟ್ಟುವ ಮಗುವಿನ ಜವಳದವರೆಗೂ ಆ ಮಾತು ಕೇಳಬೇಕಾಗುತ್ತದೆ. ನಮ್ಮ ಕಡೆ ಹಾಡಬಲ್ಲವರು ಒಬ್ಬರೇ, ನನ್ನ ಅತ್ತೆ. ಅಂದರೆ ಮನೆಯ ಮಾನ ಪೂರ್ತಿ ಅವರ ಗಂಟಲಿನಲ್ಲಿತ್ತು.

ಮಾವನ ಎದೆಬಡಿತ

ಸ್ಟೀರಿಯೋ ಪರದೆಯ ಮೇಲೆ ಮೂರು ಗೆರೆ: ಬೇಸ್, ಮಿಡ್, ಟ್ರೆಬಲ್. ಯಜಮಾನರು ಬೇಸನ್ನು ತುದಿಗೆ ಏರಿಸಿ ಇಟ್ಟರು. ಯಾಕೆ ಅಂದರೆ, "ಅಷ್ಟು ಕೊಟ್ಟಾರಂದ ಮ್ಯಾಲ ಅರ್ಧಕ್ಕ ಯಾಕ ಇಡಬೇಕು?" ಉಪ್ಪಿನ ಡಬ್ಬಿ ತುಂಬಿದೆ ಎಂದು ಇವರು ಸಾರಿಗೆ ಅಷ್ಟನ್ನೂ ಸುರಿಯುವವರೇ.

ಮಾವ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಎದೆ ಹಿಡಿದುಕೊಂಡರು. "ತಮ್ಮಾ, ಎದ್ಯಾಗ ಧಡ್ ಧಡ್ ಅನ್ನಾಕತ್ತದ. ನಂದು ಮುಗೀತು."

ಕಾರನ್ನು ದವಾಖಾನೆಗೆ ತಿರುಗಿಸಿದೆವು. ಗಾಬರಿಯಲ್ಲಿ ಹಾಡು ಬಂದ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಎದೆಗೆ ವೈರು ಹಚ್ಚಿ ನೋಡಿದರೆ ಬಡಿತ ಗಡಿಯಾರದ ಹಾಗಿದೆ. ಮಾವ ನಗುತ್ತ ಕಾರು ಹತ್ತಿದರು, ಗೇಟು ದಾಟಿದೊಡನೆ ಮತ್ತೆ, "ಬಂತು, ಬಂತು!" ತಿರುಗಿ ಒಳಗೆ ಹೋದೆವು.

ಡಾಕ್ಟರು ಹೊರಗೆ ಬಂದು, ತಾವೇ ಹಿಂದಿನ ಸೀಟಿನಲ್ಲಿ ಕುಳಿತು, "ಹಚ್ಚರಿ ಹಾಡು" ಎಂದರು. ಒಂದು ನಿಮಿಷಕ್ಕೆ ಅವರೂ ಎದೆ ಹಿಡಿದುಕೊಂಡು ಇಳಿದರು. ಮಾವನ ಚೀಟಿಯಲ್ಲಿ ಗುಳಿಗೆ ಬರೆಯಲಿಲ್ಲ. "ಬೇಸ್ ಕಮ್ಮಿ, ಮುಂದಿನ ಸೀಟು" ಎಂದು ಬರೆದು ಸಹಿ ಹಾಕಿದರು.

ಕಂಪ್ನಿ ಫಿಟ್ಟಿಂಗ್

ಶಹಾಬಜಾರದ ಗಲ್ಲಿಯಲ್ಲಿ ಕಾರಿಗೆ ಸ್ಪೀಕರ್ ಕೂಡಿಸುವ ಒಬ್ಬ ಚಾಚಾ ಇದ್ದಾರೆ. ಅವರ ಹತ್ತಿರ ಹೋದೆವು. ಯಜಮಾನರು, "ಚಾಚಾ, ಇವುಗಳಾಗ ಯಾವುದು ಛಲೋ ಅದ?" ಎಂದರು.

"ಅರೆ ಭಾಯ್, ಛಲೋ ಅಂತ ಒಂದು ಇರಲ್ಲ. ಬೇಸ್ ಅಂದ್ರ ಡೊಳ್ಳು. ಟ್ರೆಬಲ್ ಅಂದ್ರ ತಾಳ, ಬಳಿ ಸಪ್ಪಳ. ನಡುವಿಂದು ಮಿಡ್, ಅದು ಮನುಷ್ಯರ ಆವಾಜ್. ಡೊಳ್ಳು ಜಾಸ್ತಿ ಆದ್ರ ಮಾತು ಮುಳುಗ್ತದ. ಮಾತು ಕೇಳಬೇಕಂದ್ರ ಡೊಳ್ಳು ಇಳಸ್ರಿ, ನಡುವಿಂದು ಏರಸ್ರಿ."

ನಾನು ಓದಿದ್ದು ಹತ್ತನೇ ಇಯತ್ತೆ. ಆದರೂ ಇದು ನನಗೆ ಥಟ್ಟನೆ ತಿಳಿಯಿತು. "ಅಂದ್ರ ಚಾಚಾ, ನಮ್ಮ ಮಾವ ಕೆಮ್ಮೋದು ಬೇಸ್. ನನ್ನ ಮಗಳು ಚೀರೋದು ಟ್ರೆಬಲ್. ಮುಂಜಾನಿಂದ ಸಂಜಿತನಕ ನಡುವ ಮಾತಾಡೋದು ನಾನು, ಮಿಡ್."

"ಶಭಾಶ್ ಬೇಟಿ!"

ಯಜಮಾನರು ಚಾಚಾನ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು: "ಈ ಮಿಡ್ ಪೂರಾ ಇಳಸೋದು ಹ್ಯಾಂಗ್ರಿ?"

ಚಾಚಾ ಅವರ ಹೆಗಲ ಮೇಲೆ ಕೈ ಇಟ್ಟರು. "ಕಾರಿಂದು ಇಳಸ್ತೀನಿ ಭಾಯ್. ಮನಿಂದು ಕಂಪ್ನಿ ಫಿಟ್ಟಿಂಗ್. ನಲವತ್ತು ವರ್ಷ ಆತು, ನನ್ನ ಮನ್ಯಾಗೇ ಆಗಿಲ್ಲ."

ಅತ್ತೆಯ ತಾಲೀಮು

ನಿಶ್ಚಯಕ್ಕೆ ಎಂಟು ದಿನ ಇರುವಾಗ ಅತ್ತೆಯ ತಾಲೀಮು ಶುರುವಾಯಿತು. ಅಡುಗೆಮನೆಯಲ್ಲಿ ಕುಳಿತು ಹಾಡುವುದು, ಪಕ್ಕದಲ್ಲಿ ನಾನು ಜೋಳದ ರೊಟ್ಟಿ ಬಡಿಯುವುದು, ನೆತ್ತಿಯ ಮೇಲೆ ಫ್ಯಾನು ಗುಂಯ್‌ಗುಡುವುದು. ಒಂದು ದಿನ ಯಜಮಾನರು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಇಡೀ ಹಾಡನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡರು. ಮೊದಲ ನುಡಿ ಕೇಳಿ, "ಛಲೋ ಬಂದದ" ಎಂದರು. ಮುಂದಿನದನ್ನು ಯಾರೂ ಕೇಳಲಿಲ್ಲ. ದಿನಾ ಎದುರಿಗೇ ಕೇಳುತ್ತಿದ್ದೆವಲ್ಲ, ಅಷ್ಟೇ ಸಾಕಾಗಿತ್ತು.

ಬೀಗರನ್ನು ಸೋಲಿಸುವ ಹುರುಪಿನಲ್ಲಿ ಅತ್ತೆ ಎಷ್ಟು ಹಾಡಿದರೆಂದರೆ, ನಿಶ್ಚಯದ ಹಿಂದಿನ ದಿನ ಗಂಟಲು ಕುಂತುಬಿಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಮದುವೆಯಾಗಿ ಐದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಕುಕ್ಕರಿನ ಸೀಟಿ ನನಗೆ ಸರಿಯಾಗಿ ಕೇಳಿಸಿತು.

ಮಾವ ಕಂಗಾಲಾಗಿ, "ಇನ್ನ ಹಾಡೋರು ಯಾರು?" ಎಂದರು.

"ಚಿಂತಿ ಮಾಡಬ್ಯಾಡ್ರಿ ಮಾವ," ನಾನಂದೆ. "ಮೊಬೈಲಾಗ ಅತ್ತಿ ಹಾಡು ಅದ. ಕಾರು ಅದ. ಸೆಟ್ಟಿಂಗ್ ಮಾಡಾಕ ನಾ ಇದ್ದೀನಿ."

ಅಂಥ ಮಾತನ್ನು ಬಾಯಿ ಬಿಟ್ಟು ಹೇಳಬಾರದು ಎಂದು ನನಗೆ ಈಗ ಗೊತ್ತು.

ಕಮಲಾಪುರದ ಅಂಗಳ

ಬೀಗರ ಅಂಗಳದಲ್ಲಿ ಹಂದರ. ಕಾರನ್ನು ಹಂದರದ ಬಾಯಿಗೆ ತಂದು, ನಾಲ್ಕೂ ಬಾಗಿಲು ತೆರೆದು ನಿಲ್ಲಿಸಿದೆವು. ಬೀಗರ ಅಜ್ಜಿ ಎಲ್ಲರ ಕೈಗೂ ಕಮಲಾಪುರದ ಕೆಂಪು ಬಾಳೆಹಣ್ಣು ಒಂದೊಂದು ಕೊಡಿಸಿ, ಸೆರಗು ಸಿಕ್ಕಿಸಿ ಹಾಡಿಗೆ ನಿಂತಳು. ನಮ್ಮ ಮಾವನ ಹೊಟ್ಟೆಯಿಂದ ಹಿಡಿದು ಮೈದುನನ ಮೂಗಿನವರೆಗೆ ಒಂದನ್ನೂ ಬಿಡಲಿಲ್ಲ. ಅವರ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು.

"ಏನ್ ಬೀಗತಿ, ಬಾಯಿಗಿ ಬೀಗ ಹಾಕ್ಕೊಂಡು ಬಂದೀಯೇನ?" ಅಜ್ಜಿ ಕೆಣಕಿದಳು. ಅತ್ತೆ ಉರಿಗಣ್ಣಿನಿಂದ ನನ್ನ ಕಡೆ ನೋಡಿದರು. ಯಜಮಾನರು ಹಾಡು ಹಚ್ಚಿದರು.

ಧಡ್! ಧಡ್! ಧಡ್! ಯಜಮಾನರು ಬೇಸನ್ನು ಮತ್ತೆ ತುದಿಗೆ ಏರಿಸಿ ಇಟ್ಟಿದ್ದರು. ನಾನು ಬಡಿದ ರೊಟ್ಟಿ ಡೊಳ್ಳಾಗಿತ್ತು, ಫ್ಯಾನು ಹಿಟ್ಟಿನ ಗಿರಣಿಯಾಗಿತ್ತು, ಅತ್ತೆಯ ದನಿ ಎಲ್ಲೋ ಬಾವಿಯ ತಳದಲ್ಲಿತ್ತು. ಅಜ್ಜಿ ಕಿವಿಗೆ ಕೈ ಇಟ್ಟು, "ಇದೇನ ಹಾಡೋ, ಬಂಡಿ ಗುಡುಗುಡು ಅನ್ನೋದೋ?" ಎಂದಳು.

ನಾನು ಓಡಿ ಹೋಗಿ ಯಜಮಾನರನ್ನು ಸರಿಸಿ ಕುಳಿತೆ. ಚಾಚಾನನ್ನು ನೆನೆದು ಬೇಸನ್ನು ತಳಕ್ಕೆ ಇಳಿಸಿದೆ. ಟ್ರೆಬಲ್ ಒಂದಿಷ್ಟು. ಮಿಡ್ ಪೂರ್ತಿ ಮೇಲೆ. ರೊಟ್ಟಿ ಮಾಯ, ಫ್ಯಾನು ಮಾಯ! ಅತ್ತೆಯ ದನಿ ಹಂದರದ ತುಂಬ ಗಂಟೆಯಂತೆ ಮೊಳಗಿತು. ಅಜ್ಜಿಯ ಬೊಚ್ಚುಬಾಯಿಯನ್ನೂ ಕಡ್ಡಿಪೆಟ್ಟಿಗೆಯಂಥ ಮನೆಯನ್ನೂ ಅತ್ತೆ ಹಾಡಿನಲ್ಲಿ ಝಾಡಿಸುತ್ತಿದ್ದರೆ, ನಮ್ಮ ಕಡೆಯವರು ಸೀಟಿ ಹೊಡೆದರು. ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕಡೆ ನೋಡಿ ನಕ್ಕರು. ಐದು ವರ್ಷದಲ್ಲಿ ಅದೂ ಮೊದಲ ಸಲ.

ಎರಡನೇ ನುಡಿ ಮುಗಿಯಿತು. ಅತ್ತೆ ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲಿ, ಅಷ್ಟೇ ಸ್ವಚ್ಛವಾಗಿ, ಇನ್ನೊಂದು ದನಿ ಬಂತು. ನನ್ನದು. ರೆಕಾರ್ಡ್ ಮಾಡಿದ ದಿನ ಉಪ್ಪು ಕೇಳಲು ಬಂದಿದ್ದ ನೆರೆಯವಳ ಕಿವಿಯಲ್ಲಿ ನಾನು ಪಿಸುಗುಟ್ಟಿದ್ದು:

"ನಮ್ಮ ಅತ್ತಿ ಹಿಂಗ ಎಳಕೋತ ಹಾಡಿದ್ರ, ಲಗ್ನ ಆಗಿ ಕೂಸು ಹುಟ್ಟಿ ಶಾಲಿಗಿ ಹೋಗ್ತದ. ಆ ಕಮಲಾಪುರದವ್ರೂ ಏನ್ ಕಮ್ಮಿ? ಒಂದೊಂದು ಕೆಂಪು ಬಾಳೆಹಣ್ಣು ಕೈಯಾಗಿಟ್ಟು ನಿಶ್ಚಯ ಮುಗಸ್ತಾರ ನೋಡ."

ಹಂದರದಲ್ಲಿದ್ದವರೆಲ್ಲ ತಮ್ಮ ತಮ್ಮ ಕೈಯಲ್ಲಿದ್ದ ಬಾಳೆಹಣ್ಣು ನೋಡಿಕೊಂಡರು.

ನನಗೆ ಡಿಕ್ಕಿಗೆ ಹೋಗಿ ವೂಫರಿನೊಳಗೆ ಕೂರಬೇಕೆನಿಸಿತು. ಆಗ ಅಜ್ಜಿ ಸೊಂಟ ಹಿಡಿದುಕೊಂಡು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ಸೋತೆ ಯವ್ವಾ, ನಾ ಸೋತೆ! ಬೀಗತಿ ಹಾಡಿಗಿ ಜವಾಬು ಕೊಡ್ತಿದ್ದೆ, ಈ ಸೊಸಿ ಬಾಯಿಗಿ ನನ್ನ ಕಡಿ ಜವಾಬಿಲ್ಲ. ಏ, ಅದನ್ನ ಇನ್ನೊಮ್ಮೆ ಹಚ್ಚರಿ!" ಎಂದಳು. ಇನ್ನೊಮ್ಮೆ ಅಲ್ಲ, ನಾಲ್ಕು ಸಲ ಹಚ್ಚಿಸಿದಳು. ಊಟಕ್ಕೆ ಕುಳಿತಾಗ ನನ್ನ ಎಲೆಗೆ ಮಾತ್ರ ಎರಡು ಬಾಳೆಹಣ್ಣು.

ಮಾನವೇನೋ ಉಳಿಯಿತು. ಆದರೆ ಅತ್ತೆಯ ಮುಖ ಬೇಸಿನಂತೆ ಗುಡುಗುತ್ತಿತ್ತು, ಆವಾಜು ಮಾತ್ರ ಇರಲಿಲ್ಲ. ಕಲಬುರಗಿ ಬರುವ ತನಕ ಅವರ ತುಟಿ ಅಲ್ಲಾಡುತ್ತಲೇ ಇತ್ತು. ಏನಂದರೋ, ಆ ದೇವರೇ ಬಲ್ಲ.

ಮೂರನೇ ದಿನ ಮುಂಜಾನೆ ಗಂಟಲು ತೆರೆಯಿತು. ಅತ್ತೆ ಕಷಾಯದ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಮೊಬೈಲ್ ತಗಿ. ರೆಕಾರ್ಡ್ ಹಚ್ಚು. ಇದು ನಿಮ್ಮವ್ವಗ ಕಳಸೋದದ. ಫ್ಯಾನ್ ಬಂದ್ ಮಾಡು, ರೊಟ್ಟಿ ಆಮ್ಯಾಲ ಬಡಿ. ಒಂದೊಂದು ಮಾತು ಸ್ವಚ್ಛ ಕೇಳಬೇಕು."